ಹಕ್ಕಿ ಏಳದ ಹಾಗೆ ಕೆರೆದಂಡೆಯಲ್ಲಿ ಕೂರುವುದು: ಮೂರು ಚಳಿಗಾಲದ ನನ್ನ ಅನುಭವ

ಕಳೆದ ಫೆಬ್ರವರಿಯ ಒಂದು ಭಾನುವಾರ. ಬೆಳಿಗ್ಗೆ ಏಳೂಕಾಲು ಇರಬೇಕು. ಲಿಟಲ್ ಸ್ಟಿಂಟ್ ಎಂಬ ಪುಟ್ಟ ವಲಸೆ ಹಕ್ಕಿಯೊಂದು ನನ್ನಿಂದ 6 ಹೆಜ್ಜೆ ದೂರದಲ್ಲಿ ಕೆಸರು ಕುಕ್ಕುತ್ತಿತ್ತು. ದುರ್ಬೀನು ಕೆಳಗಿಟ್ಟು ಬರಿಗಣ್ಣಲ್ಲೇ ನೋಡಿದೆ. ಕೊಕ್ಕಿನ ತುದಿಗೆ ಎರೆಮಣ್ಣು ಅಂಟಿತ್ತು. ನಾಲ್ಕೈದು ಸಲ ಕುಕ್ಕಿ, ಸರ್ರನೆ ಒಂದಡಿ ಓಡಿ, ತೆಳುನೀರಿನಲ್ಲಿ ಕೊಕ್ಕು ಅಲ್ಲಾಡಿಸಿ ತೊಳೆದುಕೊಂಡು ಮತ್ತೆ ಕುಕ್ಕುತ್ತಿತ್ತು. 25-30 ಗ್ರಾಂ ತೂಗುವ ಹಕ್ಕಿ. ಉತ್ತರ ಧ್ರುವದ ಸಮೀಪದ ಬಯಲಿನಲ್ಲಿ ಮರಿ ಮಾಡಿ, ಗದಗ ಜಿಲ್ಲೆಯ ಒಂದು ಊರಕೆರೆಗೆ ಬಂದು ನನ್ನ ಎದುರಿಗೆ ನಾಷ್ಟಾ ಮಾಡುತ್ತಿತ್ತು. ಸುಮಾರು 40 ನಿಮಿಷ ಅಲ್ಲೇ ಮೇಯಿತು. ಒಮ್ಮೆಯೂ ಏಳಲಿಲ್ಲ.

ಇದನ್ನು ಬರೆಯುತ್ತಿರುವುದು ಅದಕ್ಕೇ. ಹಕ್ಕಿಗೆ ಕಾಣದ ಹಾಗೆ ಕೂತು ನೋಡಲು ಕೆರೆದಂಡೆಯಲ್ಲಿ ಒಂದು ಮರೆ ಕಟ್ಟುತ್ತೇನೆ ಅಂದಾಗ ನಮ್ಮ ಬರ್ಡಿಂಗ್ ಗೆಳೆಯರು ಎರಡು ವರ್ಷ ಒಂದೇ ಮಾತು ಹೇಳಿದರು. "ಊರಕೆರೆಯಾಗ ಇದೆಲ್ಲ ಆಗಂಗಿಲ್ಲೋ ಮಾರಾಯ. ದನ ಅದಾವು, ನಾಯಿ ಅದಾವು, ಅರಿಬಿ ಒಗಿಯೋರು ಅದಾರ, ಮೀನಿನವ್ರು ಅದಾರ. ಸುಮ್ನ ರೊಕ್ಕ ಹಾಳು." ರೊಕ್ಕ ಸ್ವಲ್ಪ ಹಾಳಾಯಿತು, ನಿಜ. ಆದರೆ ಕೆಲಸ ಆಯಿತು. ಈಗ ಅದೇ ಗೆಳೆಯರು ನನ್ನ ಮರೆಯಲ್ಲಿ ಕೂರಲು ಪಾಳಿ ಹಚ್ಚುತ್ತಾರೆ.

ಕೆರೆಯ ಹೆಸರು ಬೇಕಂತಲೇ ಹೇಳುವುದಿಲ್ಲ. ಲಕ್ಷ್ಮೇಶ್ವರದ ಕಡೆ, ಅಷ್ಟು ಸಾಕು. ಮಾಗಡಿ ಕೆರೆ ಅಲ್ಲ. ಮಾಗಡಿ ಸಂರಕ್ಷಿತ ಜಾಗ, ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿದೆ ಅಂತ 2024ರ ಜನವರಿಯಲ್ಲಿ ಘೋಷಣೆಯಾಯಿತು. ಅಲ್ಲಿ ಸ್ವಂತಕ್ಕೆ ಗೂಟ ಹೊಡೆಯುವ ಮಾತೇ ಇಲ್ಲ. ಅಲ್ಲಿ ಜನ ನೋಡುವುದು ಪಟ್ಟೆತಲೆ ಹೆಬ್ಬಾತುಗಳನ್ನು, ಅದೂ ಸಾವಿರಗಟ್ಟಲೆ. ಹಿಮಾಲಯ ದಾಟುವಾಗ 7,000 ಮೀಟರ್‌ಗಿಂತ ಮೇಲೆ ಹಾರಿದ್ದು ದಾಖಲಾಗಿರುವ ಹಕ್ಕಿ ಅದು. ಯಾರಿಗಾದರೂ ಮನಸ್ಸಾಗುತ್ತದೆ. ನನ್ನ ಚಿಂತೆ ಅದೇ ಕೆರೆಗಳ ಅಂಚಿನ ಸಣ್ಣವುಗಳದ್ದು. ಸ್ಟಿಂಟ್, ವುಡ್ ಸ್ಯಾಂಡ್‌ಪೈಪರ್, ರಫ್, ಚಿಟ್ಟುಗೊರವ, ಮೆಟ್ಟುಗಾಲು ಹಕ್ಕಿ. ಇವನ್ನೆಲ್ಲ ಒಟ್ಟಾಗಿ ಗೊರವಗಳು ಅನ್ನುತ್ತೇನೆ. ಹೆಬ್ಬಾತಿಗೆ ನೀರಿನ ನಡುವೆ ಜಾಗ ಇದೆ, ಹೊಲಕ್ಕೂ ಹೋಗಿ ಮೇಯುತ್ತದೆ. ಇವುಗಳಿಗೆ ಇರುವುದು ಒಂದು ಗೇಣು ನೀರಿನ ಅಂಚು ಮತ್ತು ಅದರ ಪಕ್ಕದ ಹಸಿ ಕೆಸರು ಅಷ್ಟೇ. ನಾವು ನಡೆಯುವುದೂ ಅದೇ ಅಂಚಿನಲ್ಲಿ.

ಶುರುವಾಗಿದ್ದು ಜನವರಿಯ ನೀರುಹಕ್ಕಿ ಗಣತಿಯಲ್ಲಿ. ಆ ಸಲ ನಾವು 9 ಜನ ಹೋಗಿದ್ದೆವು. ದಂಡೆ ಹಿಡಿದು ನಡೆದ ಹಾಗೆಲ್ಲ ಗೊರವಗಳು ಎದ್ದು ಆ ದಡಕ್ಕೆ, ಆ ದಡಕ್ಕೆ ಹೋದರೆ ಈ ದಡಕ್ಕೆ. ಒಬ್ಬರ ಲೆಕ್ಕ 180, ಇನ್ನೊಬ್ಬರದು 310. ಒಂದೇ ಹಿಂಡನ್ನು ಎರಡೆರಡು ಸಲ ಎಣಿಸಿದ್ದೆವು. ಮನೆಗೆ ಬರುವಾಗ ನನ್ನ ತಲೆಯಲ್ಲಿ ಒಂದೇ ಕೊರೆತ. ಹಕ್ಕಿಗಳಿಗೆ ತೊಂದರೆ ಕೊಡುವವರ ಪಟ್ಟಿ ಮಾಡಲು ಹೋದ ನಾವೇ ಆ ದಿನದ ದೊಡ್ಡ ತೊಂದರೆ.

ಮುಂದಿನ ಭಾನುವಾರದಿಂದ ಹಕ್ಕಿ ಎಣಿಸುವುದು ಬಿಟ್ಟೆ. ಹಿಂಡು ಎಷ್ಟು ಸಲ ಏಳುತ್ತದೆ ಅಂತ ಎಣಿಸಿದೆ. ಏರಿಯ ಮೇಲಿನ ಬೇವಿನ ಮರದ ಬುಡದಲ್ಲಿ ದೂರ ಕೂತು, ಆರೂವರೆಯಿಂದ ಒಂಬತ್ತೂವರೆ ತನಕ, ಸುಮಾರು 8 ಭಾನುವಾರ. ಸರಾಸರಿ 14 ಸಲ ಏಳುತ್ತಿದ್ದವು. ಅದರಲ್ಲಿ ಎರಡು ಸಲ ಮಾರ್ಷ್ ಹ್ಯಾರಿಯರ್ ಎಂಬ ಬೇಟೆಹಕ್ಕಿ ಬಂದದ್ದಕ್ಕೆ. ಅದು ಅವುಗಳ ಬದುಕು, ಇರಲಿ. ಉಳಿದ 12 ನಮ್ಮ ಲೆಕ್ಕ: ದನ ಕಾಯುವವರು, ನಾಯಿ, ಮೀನಿನ ತೆಪ್ಪ, ಬಹಿರ್ದೆಸೆಗೆ ಬರುವವರು, ಮೊಬೈಲ್ ಹಿಡಿದ ಹುಡುಗರು, ಕ್ಯಾಮೆರಾದವರು. ಒಮ್ಮೆ ಎದ್ದ ಹಿಂಡು ಸುತ್ತಿ ಸುತ್ತಿ ಇಳಿದು, ಕತ್ತು ನೆಟ್ಟಗೆ ಮಾಡಿ ನಿಂತು, ಮತ್ತೆ ಕುಕ್ಕಲು ಶುರು ಮಾಡುವುದಕ್ಕೆ 6 ನಿಮಿಷ ಹಿಡಿಯುತ್ತಿತ್ತು. ಹನ್ನೆರಡಾರಲಿ ಎಪ್ಪತ್ತೆರಡು. ಮೂರು ಗಂಟೆಯಲ್ಲಿ ಒಂದೂಕಾಲು ಗಂಟೆ ಊಟ ಹೋಯಿತು. ಹಾರಿದ್ದಕ್ಕೆ ಖರ್ಚಾದ ಕೊಬ್ಬು ಬೇರೆ. ಮಾರ್ಚ್-ಏಪ್ರಿಲ್‌ನಲ್ಲಿ ವಾಪಸ್ ಹೊರಡುವ ಮುಂಚೆ ಆ ಕೊಬ್ಬನ್ನೇ ಅವು ಕೂಡಿಸಿಕೊಳ್ಳಬೇಕು.

ಕ್ಯಾಮೆರಾದವರ ಬಗ್ಗೆ ಒಂದು ಮಾತು. ಹಾರುವ ಫೋಟೋ ಬೇಕು ಅಂತ ಹೆಂಟೆ ಎಸೆದು ಹಿಂಡು ಎಬ್ಬಿಸಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಎರಡು ಸಲ. ಇಬ್ಬರೂ ಹಕ್ಕಿ ಪ್ರೇಮಿಗಳು ಅಂತ ಕರೆಸಿಕೊಳ್ಳುವವರೇ. ಆವತ್ತು ಮನೆಗೆ ಬಂದು ಊಟ ಸೇರಲಿಲ್ಲ.

ಆ ಕೆರೆಗೆ ದಿನಾ ದನ ಹೊಡೆದುಕೊಂಡು ಬರುವ ಒಬ್ಬ ಕಾಕಾ ಇದ್ದಾರೆ. ಎಪ್ಪತ್ತು ದಾಟಿದೆ. ನಾನು ಡೈರಿಯಲ್ಲಿ ಗೆರೆ ಎಳೆಯುವುದನ್ನು ನಾಲ್ಕು ವಾರ ನೋಡಿದರು. ಐದನೇ ವಾರ ಬಂದು ಪಕ್ಕದಲ್ಲಿ ಕೂತರು.

"ತಮ್ಮಾ, ನನ್ನ ನೋಡಿ ಹಕ್ಕಿ ಏಳಂಗಿಲ್ಲ. ನಿನ್ನ ನೋಡಿ ಏಳ್ತಾವು."

"ಯಾಕ ಕಾಕಾ?"

"ನೀ ಅವುನ್ನ ನೋಡ್ಕೋತ ಬರ್ತಿ. ನಾ ನನ್ನ ಎಮ್ಮಿ ನೋಡ್ಕೋತ ಬರ್ತೀನಿ."

ಮೂರು ವರ್ಷದ ನನ್ನ ಕೆಲಸವೆಲ್ಲ ಆ ಮಾತಿನಿಂದ ಹುಟ್ಟಿದ್ದು.

ಪರೀಕ್ಷೆ ಮಾಡಿದೆ. ನನ್ನ ಹೆಜ್ಜೆ ಹೆಚ್ಚುಕಮ್ಮಿ ಎರಡೂವರೆ ಅಡಿ. ಹಕ್ಕಿ ಏಳುವಾಗ ನನಗೂ ಅದಕ್ಕೂ ಎಷ್ಟು ಹೆಜ್ಜೆ ಅಂತ ಲೆಕ್ಕ ಇಟ್ಟೆ. ನೆಟ್ಟಗೆ, ಹಕ್ಕಿಯನ್ನೇ ನೋಡುತ್ತಾ ನಡೆದರೆ ಮೆಟ್ಟುಗಾಲು ಹಕ್ಕಿ 50 ಹೆಜ್ಜೆಗೇ ಕೂಗಿ ಎದ್ದಿತು. ಅದು ಎದ್ದರೆ ಎಲ್ಲವೂ ಎದ್ದ ಹಾಗೆ. ಓರೆಯಾಗಿ, ನೆಲ ನೋಡುತ್ತಾ, ಅಲ್ಲಲ್ಲಿ ನಿಲ್ಲದೆ ಹೋದರೆ 30. ಕಾಕಾ ಎಮ್ಮೆ ಹಿಂದೆ ನಡೆದರೆ 12, 15. ಕಾಕಾ ಎಮ್ಮೆ ಇಲ್ಲದೆ ಬಂದರೆ ಅವರಿಗೂ 40. ಅಂದರೆ ಕಾಕಾನ ಗುರುತು ಅಲ್ಲ, ಎಮ್ಮೆಯ ಗುರುತು. ಏರಿಯ ಮೇಲೆ ಬೈಕ್ ಹೋದರೆ ತಲೆ ಎತ್ತಿ ನೋಡಿ ಸುಮ್ಮನಾಗುತ್ತಿದ್ದವು. ಅದೇ ಬೈಕ್ ನಿಂತು ಸವಾರ ಕಾಲು ಕೆಳಗಿಟ್ಟರೆ ಎಲ್ಲವೂ ಮೇಲೆ. ನಾಯಿ ಇದ್ದರೆ ಹೆಜ್ಜೆಯ ಲೆಕ್ಕವೇ ಬೇಡ, ಈ ತುದಿಯಲ್ಲಿ ನಾಯಿ ಕಂಡರೆ ಆ ತುದಿಯಲ್ಲಿ ಹಕ್ಕಿ.

ನಾನೂ ಒಂದು ಎಮ್ಮೆ ಹಿಡಿದುಕೊಂಡು ನಡೆದು ನೋಡಿದೆ. ಒಂದು ಮುಂಜಾನೆಗೆ 100 ರೂಪಾಯಿ ಬಾಡಿಗೆ. ಮೊದಲ ದಿನ 18 ಹೆಜ್ಜೆ ತನಕ ಹೋದೆ, ಬಹಳ ಖುಷಿಯಾಯಿತು. ಎರಡನೇ ದಿನ ಎಮ್ಮೆ ನಡುನೀರಿಗೆ ಇಳಿದು ಕೂತುಬಿಟ್ಟಿತು. ಹತ್ತು ಗಂಟೆ ತನಕ ಏಳಲಿಲ್ಲ. ಅಲ್ಲಿಗೆ ಆ ದಾರಿ ಬಿಟ್ಟೆ.

ಅದೇ ಡಿಸೆಂಬರ್‌ನಲ್ಲಿ ಅಘನಾಶಿನಿ ಅಳಿವೆಗೆ ಹೋದೆ. ಹುಬ್ಬಳ್ಳಿಯಿಂದ ರಾತ್ರಿ ಬಸ್ಸು, ಯಲ್ಲಾಪುರ, ಅಂಕೋಲಾ, ಅಲ್ಲಿಂದ ಗೋಕರ್ಣ, ತದಡಿ. ಬಹಳಷ್ಟು ಗೊರವಗಳು ಸೇರುವುದು ಸಮುದ್ರದಂಡೆಯಲ್ಲಿ. ಅಲ್ಲಿ ಜನರೂ ಜಾಸ್ತಿ, ಹಕ್ಕಿಯೂ ಜಾಸ್ತಿ. ಹೇಗೆ ಹೊಂದಿಕೊಂಡಿದ್ದಾವೆ ನೋಡೋಣ ಅಂತ. ಮೊದಲ ದಿನ ಹೋಗಿದ್ದು ಉಬ್ಬರದ ಹೊತ್ತಿಗೆ. ಕೆಸರುಬಯಲು ಪೂರ್ತಿ ನೀರಿನ ಕೆಳಗೆ. ಹಕ್ಕಿಗಳೆಲ್ಲ ಗಜನಿ ಗದ್ದೆಯ, ಅಂದರೆ ಉಪ್ಪುನೀರು ನುಗ್ಗುವ ಅಳಿವೆಯಂಚಿನ ಗದ್ದೆಯ, ಒಂದು ಒಡ್ಡಿನ ಮೇಲೆ ಒತ್ತೊತ್ತಾಗಿ ಒಂಟಿಗಾಲಲ್ಲಿ ನಿಂತಿದ್ದವು. ಸ್ಯಾಂಡ್ ಪ್ಲವರ್, ನಾಲ್ಕೈದು ಕರ್ಲ್ಯೂ, ಇನ್ನೂ ಏನೇನೋ, ಒಟ್ಟು 200 ಇರಬಹುದು. ಇನ್ನೂ ಸ್ವಲ್ಪ ಹತ್ತಿರ ಅಂತ ಹೋದೆ. ಎದ್ದವು. ಸುತ್ತಿದವು. ಇಳಿಯಲು ಬಂದವು, ನಾನಿದ್ದೆ, ಮತ್ತೆ ಎದ್ದವು. ಎಲ್ಲಿಗೆ ಹೋಗಬೇಕು? ಎಲ್ಲಾ ಕಡೆ ನೀರು. ನಮ್ಮ ಕೆರೆಯಲ್ಲಾದರೆ ಆಚೆ ದಡ ಇದೆ. ಅಲ್ಲಿ ಉಬ್ಬರದ ಹೊತ್ತಿಗೆ ಆ ಒಂದು ಒಡ್ಡೇ ಅವುಗಳ ಮನೆ. ನಾನು ಹಿಂದಕ್ಕೆ ಬಂದು, ಒಂದು ತೆಂಗಿನ ಮರದ ಹಿಂದೆ ಕೂತೆ. ಇಳಿಯುವುದಕ್ಕೆ 20 ನಿಮಿಷದ ಮೇಲಾಯಿತು. ಆವತ್ತಿನಿಂದ ನಿದ್ದೆ ಮಾಡುವ ಹಿಂಡಿನ ಹತ್ತಿರ ನಾನು ಹೋಗಿಲ್ಲ, ಇನ್ನು ಹೋಗುವುದೂ ಇಲ್ಲ.

ಮರುದಿನ ಸರಿಯಾದ ಪಾಠ ಸಿಕ್ಕಿತು. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ, ಅದನ್ನು ಲೆಕ್ಕ ಹಾಕಿ ಇಳಿತಕ್ಕೆ ಹೋದೆ. ಬಯಲು ತೆರೆದಿತ್ತು. ಹೆಂಗಸರು ಬಳಚು ಎಂಬ ಕೆಸರಿನ ಚಿಪ್ಪು ಹೆಕ್ಕಲು ಇಳಿದಿದ್ದರು. ಹಕ್ಕಿಗಳೂ ಅದೇ ಹೊತ್ತಿಗೆ ಇಳಿದಿದ್ದವು. ಇಬ್ಬರ ಊಟವೂ ಅದೇ ಕೆಸರಿನೊಳಗಿದೆಯಲ್ಲ. ಸೊಂಟ ಬಗ್ಗಿಸಿ, ಒಂದೇ ಜಾಗದಲ್ಲಿ ಕೈಯಾಡಿಸುತ್ತಾ, ನಿಧಾನಕ್ಕೆ ಮುಂದೆ ಸರಿಯುವ ಆ ಹೆಂಗಸರಿಂದ 20 ಹೆಜ್ಜೆ ಆಚೆ ಪ್ಲವರ್‌ಗಳು ಆರಾಮಾಗಿ ಮೇಯುತ್ತಿದ್ದವು. ಅಷ್ಟರಲ್ಲಿ ಪ್ರವಾಸಕ್ಕೆ ಬಂದ ಇಬ್ಬರು ಮಕ್ಕಳು ಹಿಂಡಿನ ಕಡೆ ಓಡಿದರು. 100 ಹೆಜ್ಜೆಗೇ ಎಲ್ಲ ಖಾಲಿ. ಹೆಂಗಸರು ದಿನಕ್ಕೆ ತಾಸುಗಟ್ಟಲೆ ಅಲ್ಲೇ ಇರುತ್ತಾರೆ. ಮಕ್ಕಳು ಇದ್ದದ್ದು ಹತ್ತು ನಿಮಿಷ. ಎಷ್ಟು ಹೊತ್ತು ಇದ್ದರು ಅನ್ನುವುದಕ್ಕಿಂತ ಹೇಗೆ ಬಂದರು ಅನ್ನುವುದೇ ದೊಡ್ಡದು. ಕಾಕಾ ಹೇಳಿದ್ದೂ ಇದನ್ನೇ.

ಸರಿ, ಊರಿಗೆ ಬಂದು ಮರೆ ಕಟ್ಟಲು ಹೊರಟೆ. ನನ್ನದು ಗದಗಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಕೈಕೆಲಸ ಗೊತ್ತು. ಒಂದು ವಾರದ ಕೆಲಸ ಅಂದುಕೊಂಡಿದ್ದೆ. ಎರಡು ಚಳಿಗಾಲ ಹೋಯಿತು.

ಮೊದಲು ಕಟ್ಟಿದ್ದು ಜೋಳದ ಕಣಿಕೆಯ ತಟ್ಟಿ. ನೋಡಲು ಬಹಳ ಚೆಂದ. ಹೊಲದ ಬಣ್ಣ, ಹೊಲದ ವಾಸನೆ. 300 ರೂಪಾಯಿಯ ಕಣಿಕೆ. ಮೂರನೇ ದಿನಕ್ಕೆ ದನ ತಿಂದು ಹಾಕಿದ್ದವು, ಗೂಟ ಮಾತ್ರ ಉಳಿದಿತ್ತು. ಕಣಿಕೆ ಮೇವು ಅಂತ ನನಗೆ ಗೊತ್ತಿಲ್ಲವೇ? ಗೊತ್ತಿತ್ತು. ಆದರೆ ಹಕ್ಕಿಯನ್ನೇ ನೋಡಿ ನೋಡಿ ದನದ ವಿಚಾರ ತಲೆಗೆ ಬರಲಿಲ್ಲ. ಆಮೇಲೆ ಹತ್ತಿಕಟ್ಟಿಗೆ. ಅದನ್ನು ಯಾರೋ ಒಲೆಗೆ ಒಯ್ದರು. ಬೇಜಾರಿಲ್ಲ, ಅವರಿಗೆ ಉರುವಲು ಬೇಕಿತ್ತು. ಆಮೇಲೆ ಹಸಿರು ಶೇಡ್‌ನೆಟ್ ತಂದೆ, 1,800 ರೂಪಾಯಿ. ನಮ್ಮ ಕಡೆ ಗಾಳಿ ಗೊತ್ತಲ್ಲ, ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ನೆಟ್ ಪಟಪಟ ಬಡಿದುಕೊಳ್ಳುತ್ತಿತ್ತು. ನಾನು ಒಳಗಿಲ್ಲದಾಗಲೂ ಹಕ್ಕಿ 60 ಹೆಜ್ಜೆ ಆಚೆಯೇ. ಪ್ರೆಸ್ಸಿನ ಗೆಳೆಯರೊಬ್ಬರು ಹಳೇ ಫ್ಲೆಕ್ಸ್ ಕೊಟ್ಟರು, ಪುಗಸಟ್ಟೆ. ಹಿಂಬದಿ ಹೊರಗೆ ಮಾಡಿ ಕಟ್ಟಿದೆ. ಬಿಸಿಲು ಬಿದ್ದರೆ ಕನ್ನಡಿಯಂತೆ ಹೊಳೆಯಿತು. ತೆಗೆದೆ.

ಕಟ್ಟಲು ಅಂಗಡಿಯ ಸುಟ್ಟ ತಾಮ್ರದ ತಂತಿ ಬಳಸುತ್ತಿದ್ದೆ. ಗುಜರಿಗೆ ಹಾಕಿದರೆ ಕಿಲೋಗೆ ಐದುನೂರರ ಮೇಲೆ ಬರುವ ಮಾಲು. ಒಂದು ರಾತ್ರಿ ತಂತಿ ಬಿಚ್ಚಿಕೊಂಡು ಹೋದರು, ಮರೆ ಕುಸಿದು ಬಿತ್ತು. ಅಲ್ಲಿಂದ ಪುಂಡಿನಾರಿನ ಹಗ್ಗ. ಅದಕ್ಕೆ ಯಾರೂ ಕೈ ಹಚ್ಚಲಿಲ್ಲ. ನೆನೆದರೆ ಬಿಗಿಯುತ್ತದೆ, ಅದೊಂದು ಲಾಭ.

ಕೊನೆಗೆ ಕೈಹಿಡಿದಿದ್ದು ಬಳ್ಳಾರಿ ಜಾಲಿ. ಕೆರೆ ಅಂಗಳದಲ್ಲೇ ಬೇಕಾದಷ್ಟು ಇದೆ. ಮುಳ್ಳು ಇರುವುದರಿಂದ ಒಲೆಗೂ ಯಾರೂ ಬೇಗ ಒಯ್ಯುವುದಿಲ್ಲ, ಎಲೆಗೆ ದನ ಬಾಯಿ ಹಾಕುವುದಿಲ್ಲ. ಹೊರಗೆ ಜಾಲಿ ಟೊಂಗೆ, ಒಳಗೆ ಹಳೇ ಗೋಣಿಚೀಲ. ಚೀಲವನ್ನು ಕೆರೆಯ ಎರೆಮಣ್ಣಿನ ರಾಡಿಯಲ್ಲಿ ಅದ್ದಿ, ಹಿಂಡದೆ ಹಾಗೇ ಒಣಗಿಸಬೇಕು. ಆಗ ಗಾಳಿಗೆ ಬಡಿಯುವುದಿಲ್ಲ, ಹಲಗೆಯ ಹಾಗೆ ನಿಲ್ಲುತ್ತದೆ. ಬಣ್ಣ ಅಲ್ಲಿಯದೇ. ಇಬ್ಬನಿಗೆ, ಒಂದೆರಡು ಅಕಾಲ ಮಳೆಗೆ ಮಣ್ಣು ಕರಗದಿರಲು ರಾಡಿಗೆ ಒಂದು ಪದಾರ್ಥ ಸೇರಿಸುತ್ತೇನೆ. ಅಡುಗೆಮನೆಯಲ್ಲೇ ಸಿಗುತ್ತದೆ. ಅದನ್ನು ಹೇಳುವುದಿಲ್ಲ, ನಾಲ್ಕು ತಿಂಗಳ ದುಡಿಮೆ ಅದು. ಕೇಳಿಕೊಂಡು ಬಂದವರಿಗೆ ಕೈಯಾರೆ ಮಾಡಿ ತೋರಿಸುತ್ತೇನೆ.

ಅಳತೆ ಹೇಳುತ್ತೇನೆ. ಎತ್ತರ ಮೂರೂವರೆ ಅಡಿ, ಅದಕ್ಕಿಂತ ಜಾಸ್ತಿ ಬೇಡ. ಕೂರಬೇಕು, ನಿಲ್ಲಬಾರದು. ಕಿಂಡಿ ನಾಲ್ಕು ಬೆರಳು ಅಗಲ, ಅದರ ಹಿಂದೆ ಕಪ್ಪು ಬಟ್ಟೆ. ನಿಮ್ಮ ಬೆನ್ನ ಹಿಂದೆ ಬೆಳಕು ಕಾಣಬಾರದು, ಬೆನ್ನಿಗೂ ಮರೆ ಬೇಕು. ಬಹಳ ಜನ ಮುಂದೆ ಮಾತ್ರ ಕಟ್ಟುತ್ತಾರೆ. ಕಿಂಡಿಯಲ್ಲಿ ತಲೆ ಅಲ್ಲಾಡಿದ್ದು ಹಕ್ಕಿಗೆ ಚೆನ್ನಾಗಿ ಕಾಣುತ್ತದೆ.

ಮರೆ ನಿಂತಿತು. ನವೆಂಬರ್‌ನಲ್ಲಿ 15 ಹೆಜ್ಜೆಗೆ ಹಕ್ಕಿ ಬಂದವು. ಎಲ್ಲರಿಗೂ ಫೋಟೋ ಕಳಿಸಿದೆ. ಡಿಸೆಂಬರ್ ಕೊನೆಗೆ ನೀರು ಹಿಂದೆ ಸರಿದಿತ್ತು. ಜನವರಿ ಹದಿನೈದರ ಹೊತ್ತಿಗೆ ನೀರಿನ ಅಂಚು ಮರೆಯಿಂದ 45 ಹೆಜ್ಜೆ ಆಚೆ. ನಾನು ಒಣ ಬಿರುಕುನೆಲದಲ್ಲಿ ಕೂತಿದ್ದೆ. ಸಮುದ್ರದಲ್ಲಿ ನೀರು ಹೋದರೆ ಸಂಜೆಗೆ ಬರುತ್ತದೆ. ನಮ್ಮ ಕೆರೆಯಲ್ಲಿ ಹೋದ ನೀರು ಮುಂದಿನ ಮಳೆಗೇ. ಅಂಚು ದಿನಾ ಸರಿಯುತ್ತದೆ, ಊಟವೂ ಅದರ ಜೊತೆ ಸರಿಯುತ್ತದೆ.

ಮೂರನೇ ಚಳಿಗಾಲಕ್ಕೆ ಮರೆಗೆ ಕಾಲು ಕೊಟ್ಟೆ. ಎರಡು ನೀಲಗಿರಿ ಬೊಡ್ಡೆ, ಆರಾರು ಅಡಿ, ಮುಂದಿನ ತುದಿ ಕೆತ್ತಿ ಮೇಲಕ್ಕೆ ಬಾಗಿದ ಹಾಗೆ ಮಾಡಿದ್ದು. ಅದರ ಮೇಲೆ ಹಳೇ ತಗಡು, ತಗಡಿನ ಮೇಲೆ ಮರೆ. ಕೊರಡು ಎಳೆದ ಹಾಗೆ ಹಗ್ಗ ಕಟ್ಟಿ ಎಳೆಯಬಹುದು. ಕೆಸರಿನಲ್ಲಿ ಹೂಳುವುದಿಲ್ಲ, ಜಾರುತ್ತದೆ. ವೆಲ್ಡಿಂಗ್ ಏನೂ ಇಲ್ಲ, ಒಟ್ಟು 1,100 ರೂಪಾಯಿ. ವಾರಕ್ಕೊಮ್ಮೆ, ಕತ್ತಲಾದ ಮೇಲೆ, 5-6 ಹೆಜ್ಜೆ. ಒಮ್ಮೆಗೇ 15 ಹೆಜ್ಜೆ ಎಳೆದ ವಾರ ಹಕ್ಕಿಗಳು ಎರಡು ದಿನ ದೂರ ಇದ್ದವು. ಸ್ವಲ್ಪ ಸ್ವಲ್ಪ ಸರಿಸಿದರೆ ಲೆಕ್ಕಕ್ಕೇ ಇಡುವುದಿಲ್ಲ. ಬೆಳಿಗ್ಗೆ ಬೆಳಕು ಹರಿಯುವ ಮುಂಚೆ ಒಳಗೆ ಸೇರಬೇಕು. ಹೊರಗೆ ಬರುವುದು ಹಿಂಡು ತಾನಾಗಿ ದೂರ ಹೋದಾಗ. ಒಂದು ದಿನ ಹನ್ನೊಂದೂವರೆ ತನಕ ಒಳಗೇ ಇದ್ದೆ. ಅಂಗಡಿಗೆ ತಡವಾಯಿತು, ಗಿರಾಕಿ ಸಿಟ್ಟಾದರು.

ಎಲ್ಲಿ ಇಡಬೇಕು ಅನ್ನುವುದು ಇನ್ನೊಂದು ವಿದ್ಯೆ. ಒಂದು ಸುಳಿವು ಮಾತ್ರ ಕೊಡುತ್ತೇನೆ: ಮೊದಲು ಟಿಟ್ಟಿಭ ಎಲ್ಲಿ ಓಡಾಡುತ್ತದೆ ನೋಡಿ. ಅದು ಕೆರೆಯ ಕಾವಲುಗಾರ. ಅದರ ಗಡಿಯೊಳಗೆ ಮರೆ ಇಟ್ಟರೆ ನೀವು ಉಸಿರಾಡಿದರೂ ಊರಿಗೆಲ್ಲ ಸಾರುತ್ತದೆ.

ಇಷ್ಟೆಲ್ಲ ಆದರೂ ಹಿಂಡು ಏಳುವುದು 14ರಿಂದ 10ಕ್ಕೆ ಇಳಿಯಿತು ಅಷ್ಟೇ. ಮರೆ ನನ್ನನ್ನು ಮುಚ್ಚಿತು, ಊರನ್ನಲ್ಲ. ಮೊದಲ ವರ್ಷವೇ ಒಂದು ಬೋರ್ಡ್ ಹಾಕಿದ್ದೆ, "ಹಕ್ಕಿಗಳಿಗೆ ತೊಂದರೆ ಕೊಡಬೇಡಿ" ಅಂತ, 1,400 ರೂಪಾಯಿ. ಮೂರು ವಾರಕ್ಕೆ ತಗಡು ಯಾರದೋ ಕೋಳಿಗೂಡಿನ ಮೇಲೆ ಇತ್ತು. ಬೋರ್ಡಿನಿಂದ ಒಂದು ಹಕ್ಕಿಗೂ ಉಪಯೋಗ ಆಗಲಿಲ್ಲ. ಕೆರೆ ಅವರದು. ಅವರ ದನ ನೀರು ಕುಡಿಯಬಾರದು ಅಂತ ಹೇಳಲು ನಾನು ಯಾರು?

ಕಾಕಾನ ಹತ್ತಿರ ಕೂತು ಕೇಳಿದೆ. "ಕಾಕಾ, ದನ ಈ ಕೆಸರಿನ್ಯಾಗ ಯಾಕ ಇಳಸ್ತೀರಿ? ತೂಬಿನ ಕಡೆ ಯಾಕ ಒಯ್ಯಂಗಿಲ್ಲ?"

"ತೂಬಿನ ಕಡಿ ಇಳಕಲು ಭಾಳ ಐತಿ ತಮ್ಮಾ. ಕರ ಜಾರ್ತಾವು. ಹ್ವಾದ ವರ್ಷ ಒಂದು ಆಕಳ ಕಾಲು ಮುರೀತು."

ಇಷ್ಟೇ ಸಂಗತಿ. ತೂಬಿನ ಕಡೆ ದಾರಿ ಸರಿ ಇದ್ದರೆ ಅವರು ಅಲ್ಲೇ ಹೋಗುತ್ತಾರೆ. ಪಂಚಾಯಿತಿಯವರಿಗೆ ಬಾಯಿಮಾತಿನಲ್ಲಿ ಹೇಳಿ, ಎರಡು ಟ್ರಾಲಿ ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ಹಾಕಿಸಿದೆ. ಟ್ರ್ಯಾಕ್ಟರ್ ಬಾಡಿಗೆ, ಆಳು, ಚಹಾ ಎಲ್ಲಾ ಸೇರಿ 3,200 ರೂಪಾಯಿ ಆದ ನೆನಪು. ಕಾಕಾ ಮತ್ತು ನಾಲ್ಕು ಮಂದಿ ಸಲಿಕೆ ಹಿಡಿದು ಹರವಿದರು. ಮರುದಿನದಿಂದಲೇ ದನ ಅಲ್ಲಿ. ಯಾರಿಗೂ ಏನೂ ಹೇಳಬೇಕಾಗಲಿಲ್ಲ. ಮೂರು ವರ್ಷದಲ್ಲಿ ನಾನು ಖರ್ಚು ಮಾಡಿದ್ದರಲ್ಲಿ ಹಕ್ಕಿಗೆ ಅತಿ ಹೆಚ್ಚು ಮುಟ್ಟಿದ್ದು ಈ ಗರಸಿನ ದುಡ್ಡು. ಗೆಳೆಯರಿಗೆ ಇದನ್ನು ಹೇಳಿದರೆ ಇನ್ನೂ ಅರ್ಧ ನಂಬಿಕೆ. ಹಕ್ಕಿ ಕೆಲಸಕ್ಕೂ ಗರಸಿಗೂ ಏನು ಸಂಬಂಧ ಅಂತ.

ನಾಯಿಗಳದ್ದು ಬೇರೆ ಕಥೆ. ಏರಿಯ ಕೆಳಗೆ ಮಾಂಸದ ಅಂಗಡಿಯ ಕಸ ಬೀಳುತ್ತಿತ್ತು, ಅದಕ್ಕೆ ಆರೇಳು ನಾಯಿ. ಎರಡು ತಿಂಗಳು ಹಿಂದೆ ಬಿದ್ದು, ಊರ ಹೊರಗಿನ ಒಂದು ಗುಂಡಿ ತೋರಿಸಿ, ಗುಂಡಿ ತೋಡಿಸಿದ ಖರ್ಚೂ ನಾನೇ ಕೊಟ್ಟ ಮೇಲೆ ನಿಂತಿತು. ನಾಯಿ ಪೂರ್ತಿ ಹೋಗಿಲ್ಲ. ಈಗ ಒಂದೆರಡು ಬರುತ್ತವೆ. ಮೀನಿನ ಗುತ್ತಿಗೆಯವರು ನೀರುಕಾಗೆ ಓಡಿಸಲು ಪಟಾಕಿ ಹಚ್ಚುತ್ತಿದ್ದರು. ಅವರದು ಹೊಟ್ಟೆಪಾಡು. ಜಗಳ ಮಾಡಲಿಲ್ಲ. ಬಲೆ ಎಳೆಯುವುದನ್ನು ಒಂಬತ್ತೂವರೆ ಮೇಲೆ ಇಟ್ಟುಕೊಳ್ಳಲು ಒಪ್ಪಿದರು. ಅದಕ್ಕೆ ಬದಲಾಗಿ ಅವರ ಪಂಪ್‌ಸೆಟ್ಟಿನ ಮೋಟಾರ್ ಎರಡು ಸಲ ಪುಕ್ಕಟೆ ಸುತ್ತಿಕೊಟ್ಟಿದ್ದೇನೆ. ಪಟಾಕಿ ಮಾತ್ರ ಇನ್ನೂ ಅಲ್ಲೊಂದು ಇಲ್ಲೊಂದು ಕೇಳುತ್ತದೆ. ಆ ಕೆಲಸ ಬಾಕಿ ಇದೆ.

ಕಳೆದ ಚಳಿಗಾಲದ ಲೆಕ್ಕ: ಅದೇ ಮೂರು ಗಂಟೆಯಲ್ಲಿ 4 ಸಲ, ಒಮ್ಮೊಮ್ಮೆ 5. ಅದರಲ್ಲಿ ಹ್ಯಾರಿಯರ್ ಎರಡು. ಹನ್ನೆರಡು ಇದ್ದ ನಮ್ಮ ಪಾಲು ಎರಡು ಮೂರಕ್ಕೆ ಬಂತು. ಹಕ್ಕಿಗಳ ಸಂಖ್ಯೆ ಹೆಚ್ಚಾಯಿತಾ ಅಂತ ಕೇಳುತ್ತಾರೆ. ಅದು ಮಳೆ, ನೀರು, ಬೇರೆ ಕೆರೆಗಳ ಸ್ಥಿತಿಯ ಮೇಲೂ ಹೋಗುತ್ತದೆ, ನನ್ನ ಮರೆಯ ಮೇಲೆ ಹಾಕಲಾರೆ. ಆದರೆ ಬಂದವು ಹೊಟ್ಟೆತುಂಬಾ ತಿನ್ನುತ್ತಿವೆ. ಫೆಬ್ರವರಿ ಕೊನೆಗೆ ಸ್ಟಿಂಟ್‌ಗಳ ಎದೆ ದುಂಡಗಾಗುವುದು ಕಿಂಡಿಯಿಂದ ಕಾಣುತ್ತದೆ. ಗಣತಿಗೂ ಲಾಭ ಆಯಿತು. ಈ ಸಲ ಇಬ್ಬರು ಬೇರೆ ಬೇರೆ ಎಣಿಸಿದರು, ಒಬ್ಬರದು 226, ಇನ್ನೊಬ್ಬರದು 231.

ಒಟ್ಟು ಖರ್ಚು ಮೂರು ವರ್ಷಕ್ಕೆ 11-12 ಸಾವಿರ, ಪೆಟ್ರೋಲ್ ಬಿಟ್ಟು. ಅದರಲ್ಲಿ ಅರ್ಧ ನಾನು ಮಾಡಿದ ತಪ್ಪುಗಳದ್ದು. ನೀವು ನೇರ ಜಾಲಿ, ಗೋಣಿ, ಎರಡು ಬೊಡ್ಡೆ, ಎರಡು ಟ್ರಾಲಿ ಗರಸಿಗೆ ಬಂದರೆ ಐದು ಸಾವಿರದಲ್ಲಿ ಮುಗಿಯುತ್ತದೆ.

ಬಣ್ಣದ ಪರೀಕ್ಷೆಯನ್ನೂ ಮಾಡಿದ್ದೆ. ಬಿಳಿ ಅಂಗಿ, ಖಾಕಿ ಅಂಗಿ, ಕೆಂಪು ಟವೆಲ್. ಬಿಳಿಗೆ ಐದಾರು ಹೆಜ್ಜೆ ಜಾಸ್ತಿ ದೂರ, ಅಷ್ಟೇ ವ್ಯತ್ಯಾಸ. ಖಾಕಿ, ಹಸಿರು ಚುಕ್ಕೆಯ ದುಬಾರಿ ಡ್ರೆಸ್ ಕೊಂಡು ದಂಡೆಯಲ್ಲಿ ನೆಟ್ಟಗೆ ನಡೆಯುವವರಿಗೆ ಇದು ತಿಳಿಯಲಿ. ಮಾತಿನ ಪರೀಕ್ಷೆಯೂ ಆಯಿತು. ಮರೆಯೊಳಗೆ ಕೂತು ಸಣ್ಣ ದನಿಯಲ್ಲಿ ಮಾತಾಡಿದರೆ ಏಳಲಿಲ್ಲ. ಕೈಯನ್ನು ಕಿಂಡಿಯಿಂದ ಹೊರಗೆ ಹಾಕಿದರೆ ತಕ್ಷಣ ಎದ್ದವು.

ಮಾರ್ಚ್ ಬಂದರೆ ಮರೆ ತೆಗೆಯುವುದು ನನ್ನ ಪದ್ಧತಿ. ಈ ವರ್ಷ ತೆಗೆಯಲು ಆಗಲಿಲ್ಲ. ಮಾರ್ಚ್ ಮೂರನೇ ವಾರ ಕತ್ತಲಲ್ಲಿ ಹಗ್ಗ ಹಿಡಿದು ಹೋದೆ. ಟಾರ್ಚ್ ನೆಲಕ್ಕೆ ಬಿಟ್ಟಾಗ ಬೊಡ್ಡೆಯ ಮುಂದೆ, ಎರಡೇ ಹೆಜ್ಜೆ ದೂರದಲ್ಲಿ, ಒಣಗಿದ ಅಂಗಳದ ಹರಳುಕಲ್ಲುಗಳ ನಡುವೆ ನಾಲ್ಕು ಕಲ್ಲು ಒಂದೇ ಅಳತೆಯವು ಕಂಡವು. ಚೂಪು ತುದಿ ಒಳಗಡೆ ಮಾಡಿ ಜೋಡಿಸಿಟ್ಟ ಹಾಗೆ. ಚಿಟ್ಟುಗೊರವದ ಮೊಟ್ಟೆ. ಮರೆ ಎಳೆದಿದ್ದರೆ ಬೊಡ್ಡೆ ಅದರ ಮೇಲೇ ಹಾಯುತ್ತಿತ್ತು. ಟಾರ್ಚ್ ಆರಿಸಿ, ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಬಂದೆ. ಬೆಳಿಗ್ಗೆ ಕಾಕಾಗೆ ಹೇಳಿದೆ. ಅವರು ಬೇರೆಯವರಿಗೂ ಹೇಳಿ, ದನ ಆ ಕಡೆ ಸುಳಿಯದ ಹಾಗೆ ನೋಡಿಕೊಂಡರು. 25 ದಿನ ಬಿಟ್ಟು ಬೇವಿನ ಬುಡದಿಂದ ದುರ್ಬೀನು ಹಚ್ಚಿದಾಗ ಮರೆಯ ನೆರಳಲ್ಲಿ ಮೂರು ಮರಿ ಓಡಾಡುತ್ತಿದ್ದವು. ನಾಲ್ಕನೆಯದು ಕಾಣಲಿಲ್ಲ. ಮರೆ ಈಗಲೂ ಅಲ್ಲೇ ಇದೆ. ಮಳೆ ಬಂದು ನೀರು ಮುಟ್ಟುವ ಮುಂಚೆ ಎಳೆದು ತರಬೇಕು.